ಮರಿಯವ್ವ ಸಾರಿಸಿದ ಗೋಡೆ

ಬೀಳಗಿ ಕಡೆ ಅಣೆಕಟ್ಟಿನ ನೀರಿಗೆ ಮುಳುಗಡೆಯಾಗಲಿದ್ದ ಹಳ್ಳಿಗಳಲ್ಲಿ ಸರ್ಕಾರದ ಪರಿಹಾರಕ್ಕೆಂದು ಕಟ್ಟಡ ಅಳೆದು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಒಂದೂರಲ್ಲಿ ನಮ್ಮದೇ ಪಂಗಡದ ಸಣ್ಣ ಚರ್ಚು ಸಿಕ್ಕಿತು. ಕಲ್ಲಿನ ಗೋಡೆ ಎಂದು ಬರೆದರೆ ಪರಿಹಾರ ಹೆಚ್ಚು. "ದೇವರ ಮನಿಗೇ ಹೋಗೂದಲ್ರಿ, ಕಲ್ಲಂತ ಬರೀರಿ" ಎಂದರು ಪಾಸ್ಟರು. ಬರೆದೆ.

ಕಸ ಹೊಡೆಯುತ್ತಿದ್ದ ಮುದುಕಿ ಮರಿಯವ್ವ ಕೈ ನಿಲ್ಲಿಸಿ, "ಸಾಹೇಬ್ರ, ಇದು ಮಣ್ಣಿನ ಗ್ವಾಡಿರಿ. ವರ್ಷಾ ಕ್ರಿಸ್‌ಮಸ್ಸಿಗೆ ನಾನೇ ಸಾರಸ್ತೇನಿ" ಎಂದಳು.

"ಗೊತ್ತೈತಿ ಯವ್ವಾ" ಎಂದೆ.

"ಗೊತ್ತಿದ್ದೂ ಬರದ್ರಿ?" ಎಂದಳು. ಅಷ್ಟೇ.

ಪುನರ್ವಸತಿ ಊರಲ್ಲಿ ಈಗ ಆ ಪರಿಹಾರದ ದುಡ್ಡಲ್ಲಿ ಕಟ್ಟಿದ, ನಿಜವಾಗಿಯೂ ಕಲ್ಲಿನ ಚರ್ಚಿದೆ. ಮರಿಯವ್ವ ಪ್ರತಿ ರವಿವಾರ ಬರುತ್ತಾಳೆ, ಆದರೆ ಒಳಗೆ ಕಾಲಿಡುವುದಿಲ್ಲ. ಹೊರಗೆ ಬಿಸಿಲಲ್ಲೇ ಕೂತು ಪ್ರಾರ್ಥನೆ ಮಾಡುತ್ತಾಳೆ. ನಾನೂ ಈಗ ಅದೇ ಚರ್ಚಿಗೆ ಹೋಗುತ್ತೇನೆ; ಪಾಸ್ಟರು ಊರಲ್ಲಿಲ್ಲದ ವಾರ ಬೈಬಲ್ ಓದಿ ಪ್ರಸಂಗ ಮಾಡುವುದು ನಾನೇ. ಪರಿಶುದ್ಧ ಜೀವನದ ಬಗ್ಗೆ ಬಹಳ ಛಲೋ ಮಾತಾಡುತ್ತೇನಂತೆ. ಒಳಗೆ ಕೂತವರು ಹೇಳುತ್ತಾರೆ.