ಬದುವಿನ ಮೇಲಿನ ಎಡೆ

ಗಡಿ ಅಂದರೆ ಮನುಷ್ಯನನ್ನು ಕಟ್ಟಿಹಾಕುವ ಹಗ್ಗ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹದಿನೆಂಟು ವರ್ಷದಿಂದ ಜಮೀನು ಅಳೆಯುತ್ತಿರುವ ಸರ್ವೇಯರ್ ನಾನು. ಬದು ಕಳೆದುಕೊಂಡವರ ಪಾಡೇನೆಂದು ನುಗ್ಗೇಹಳ್ಳಿ ಪಕ್ಕದ ನಂಜಮ್ಮನನ್ನು ಕೇಳಬೇಕು.

ನಂಜಮ್ಮನ ಗಂಡ ಕಾಂತರಾಜು ತೀರಿಕೊಂಡಾಗ ಅವನನ್ನು ಅವರ ಪಾಲಿನ ಹೊಲದ ಅಂಚಿನಲ್ಲೇ, ಅವನ ತಾಯಿಯನ್ನು ಹೂತ ಗುಡ್ಡೆಯ ಮಗ್ಗುಲಲ್ಲಿ ಮಣ್ಣು ಮಾಡಿದರು. ಬದುವಿನ ಆಚೆ ಹೊಲ ಮೈದುನ ಕೃಷ್ಣಪ್ಪನದು. ನಂಜಮ್ಮ ಮಗಳ ಬಾಣಂತನಕ್ಕೆ ಅರಕಲಗೂಡಿಗೆ ಹೋಗಿದ್ದ ಮೂರು ತಿಂಗಳಲ್ಲಿ ಅವನು ಹಳೇ ಬದುವನ್ನು ಉತ್ತು, ಹದಿನೈದು ಅಡಿ ಈಚೆಗೆ ಹೊಸ ಬದು ಕಟ್ಟಿ, ಗಡಿಯ ಬಾಂದುಕಲ್ಲನ್ನೂ ಕಿತ್ತು ತಂದು ಅಲ್ಲಿ ನೆಟ್ಟ. ಎರಡೂ ಗುಡ್ಡೆ ಅವನ ಕಡೆಗಾದವು. ಊರ ಹಿರಿಯರು ಬಂದು, ಕಲ್ಲಿದ್ದ ಕಡೆಯೇ ಗಡಿ ಎಂದು ಹೇಳಿ, ಎಲೆಯಡಿಕೆ ಹಾಕಿಕೊಂಡು ಎದ್ದುಹೋದರು.

ಆ ವರ್ಷ ಮಾಲಯ ಅಮಾವಾಸ್ಯೆಗೆ, ಸತ್ತವರಿಗೆ ಎಡೆ ಇಡುವ ದಿನ, ನಂಜಮ್ಮ ಎಲೆಯಲ್ಲಿ ಮುದ್ದೆ, ಕೋಳಿಸಾರು, ವಡೆ ಬಡಿಸಿಕೊಂಡು ಹೋದಳು. ಕೃಷ್ಣಪ್ಪ ಅಡ್ಡ ನಿಂತ.

"ಅತ್ಗೆ, ನನ್ನ ಜಮೀನೊಳಕ್ಕೆ ಕಾಲಿಡ್ಬ್ಯಾಡಿ. ಬದಿನ ಮ್ಯಾಲೆ ಮಡಗಿ ಓಗಿ."

ಅವಳು ಇಟ್ಟಳು. ಅವಳ ಕಣ್ಣೆದುರೇ ನಾಯಿ ತಿಂದಿತು. ನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಕೃಷ್ಣಪ್ಪ ಆ ಹದಿನೈದಡಿಯಲ್ಲಿ ಸಾಲಾಗಿ ತೆಂಗಿನ ಸಸಿ ನೆಟ್ಟು, ಗೊಬ್ಬರ ಹೊತ್ತು, ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊಯ್ದು ಬೆಳೆಸಿದ.

ಐದನೇ ವರ್ಷ ಅವಳು ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸಿಕೊಡಲು, ಅರ್ಜಿ ಕೊಟ್ಟಳು. ನಾನು ಅಳೆಯಲು ಹೋದೆ. ಇಷ್ಟು ದಿನ ಯಾಕಮ್ಮ ಸುಮ್ಮನಿದ್ದೆ ಎಂದು ಕೇಳಿದೆ.

"ಸಸಿ ಎದೆಮಟ್ಟಕ್ಕೆ ಬರ್ಲಿ ಅಂತ ಕಾದೆ ಸಾ. ಅವ್ನೇ ನೀರೊತ್ತು ಬೆಳೆಸ್ಲಿ ಅಂತ."

ನಾನು ನಕ್ಕೆ. ಅವಳು ನಗಲಿಲ್ಲ.

ನನ್ನ ಅಳತೆ ಹಳೇ ಗಡಿಗೇ ಬಂದು ನಿಂತಿತು. ಕೃಷ್ಣಪ್ಪ, ಕಲ್ಲೇನು ಕಾಲು ಬಂದು ನಡೆದು ಬಂತಾ ಎಂದು ಜೋರು ಮಾಡಿದ. ಆಗ ನಂಜಮ್ಮ ಗುದ್ದಲಿ ಎತ್ತಿಕೊಂಡಳು.

"ಸಾ, ಕಲ್ಲು ನೋಡ್ಬ್ಯಾಡಿ. ಇದ್ಲು ನೋಡಿ."

ನಾನು ಗುರುತು ಹಾಕಿದ ಕಡೆ ಎರಡಡಿ ಅಗೆಯುತ್ತಲೇ ಕರೀ ಇದ್ದಿಲು ಸಿಕ್ಕಿತು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲೂ ತಿನ್ನುವುದಿಲ್ಲ. ಅದಕ್ಕೇ ಹಳಬರು ಕಲ್ಲು ನೆಡುವ ಗುಂಡಿಗೆ ಮೊದಲು ಅದನ್ನು ಸುರಿಯುತ್ತಿದ್ದರು. ಅಣ್ಣತಮ್ಮಂದಿರ ಜಮೀನು ಪಾಲಾದ ದಿನ ನಂಜಮ್ಮನ ಕಣ್ಣೆದುರೇ ಮಂಕರಿ ತುಂಬ ಇದ್ದಿಲು ತಂದು ಸುರಿದವಳು ಕೃಷ್ಣಪ್ಪನ ತಾಯಿಯೇ. ಆಗ ಅವನು ಮನೆಯಲ್ಲಿ ಉಣ್ಣುತ್ತ ಕೂತಿದ್ದನಂತೆ. ಕಲ್ಲು ಕಿತ್ತವನಿಗೆ ಬುಡ ಕೆದಕುವ ಬುದ್ಧಿ ಬರಲಿಲ್ಲ. ಅಳತೆ ನೋಡಲು ಬಂದಿದ್ದ ಎಲೆಯಡಿಕೆ ಹಿರಿಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಹದಿನೈದಡಿ, ತೆಂಗಿನ ಸಾಲು, ಎರಡು ಗುಡ್ಡೆ, ಎಲ್ಲವೂ ನಂಜಮ್ಮನ ಪಾಲಿಗೆ ಬಂದವು. ವಾರದೊಳಗೆ ಹಳೇ ಬದು ಮತ್ತೆ ಎದ್ದಿತು. ಆ ವರ್ಷದ ಅಮಾವಾಸ್ಯೆಗೆ ನನ್ನನ್ನು ಊಟಕ್ಕೆ ಕರೆದಿದ್ದಳು. ನಾವು ಗುಡ್ಡೆಯ ಹತ್ತಿರ ಇದ್ದಾಗ ಕೃಷ್ಣಪ್ಪ ಎಲೆ ಹಿಡಿದು ಬದುವಿನಾಚೆ ಬಂದು ನಿಂತ.

"ಅತ್ಗೆ, ಅವ್ವಂಗೆ ಎಡೆ ಇಕ್ಕಿ ಓಯ್ತೀನಿ."

"ಅತ್ತೆಗೆ ನಾನಿಕ್ಕಿದ್ದೀನಿ. ನಿಂದು ಬದಿನ ಮ್ಯಾಲೆ ಮಡಗು."

ಅವನು ನನ್ನ ಮುಖ ನೋಡಿದ. ನಾನು ತೆಂಗಿನಗಿಡ ನೋಡಿದೆ. ಅವನು ಬಗ್ಗಿ ಎಲೆ ಇಟ್ಟ. ನಾಯಿ ಬಂತು. ಅದನ್ನು ಓಡಿಸಲು ನನ್ನ ಕೈ ಅಭ್ಯಾಸಬಲದಿಂದ ನೆಲದ ಕಲ್ಲಿಗೆ ಹೋಯಿತು.

"ಬಿಡಿ ಸಾ, ತಿನ್ಲಿ. ಅದ್ಕೆ ದಾರಿ ಗೊತ್ತದೆ," ಅಂದಳು ನಂಜಮ್ಮ.

ನಾಯಿ ಎಲೆ ನೆಕ್ಕಿ ಮುಗಿಸುವವರೆಗೂ ಕೃಷ್ಣಪ್ಪ ಅಲ್ಲೇ ನಿಂತಿದ್ದ. ನನಗೆ ಅಯ್ಯೋ ಅನ್ನಿಸಲಿಲ್ಲ. ನಂಜಮ್ಮ ಗಂಡನ ಗುಡ್ಡೆಗೆ ಬೆನ್ನು ಕೊಟ್ಟು ಕೂತು, ನನಗೆ ಇನ್ನೊಂದು ವಡೆ ಬಡಿಸಿದಳು.