ತಲೆಕೆಳಗಾದ ಬಿಲ್ಲೆ

ಆಗ ನನಗೆ ಹತ್ತೊಂಬತ್ತು. ಇದು ಅರುವತ್ತು ವರ್ಷದ ಹಿಂದಿನ ಮಾತು. ಪಾಣೆಮಂಗಳೂರಿನ ಹೊಳೆ ಬದಿಯ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಮೊದಲು ಹಾಜರಿ ಬರೆಯುವ ರೈಟರು ಬೆಳಿಗ್ಗೆ ಹೆಸರು ಕೂಗುತ್ತಿದ್ದರು. ನಾವು ‘ಉಲ್ಲೆ’ ಎನ್ನುತ್ತಿದ್ದೆವು, ಅಂದರೆ ಇದ್ದೇನೆ ಎಂದು. ಯಾರಿಗೆ ಜ್ವರ, ಯಾರಿಗೆ ಹೆರಿಗೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಜನ ಹೆಚ್ಚಾದ ಮೇಲೆ ಧಣಿಗಳು ಹಿತ್ತಾಳೆಯ ಬಿಲ್ಲೆ ಮಾಡಿಸಿದರು. ಒಬ್ಬೊಬ್ಬರಿಗೆ ಒಂದು, ಅದರ ಮೇಲೆ ಇಂಗ್ಲಿಷ್ ಅಂಕೆ. ನೇತುಹಾಕಲು ಅದಕ್ಕೆ ತೂತು ಕೊರೆದವನು ಊರಿನ ಕಮ್ಮಾರ. ಬಂದ ಕೂಡಲೇ ಬಾಗಿಲ ಬಳಿಯ ಹಲಗೆಯ ಯಾವುದಾದರೂ ಮೊಳೆಗೆ ಸಿಕ್ಕಿಸಬೇಕು, ಸಂಜೆ ತೆಗೆದುಕೊಂಡು ಹೋಗಬೇಕು. ರೈಟರು ಹಲಗೆ ನೋಡಿ ಪುಸ್ತಕ ತುಂಬಿಸುತ್ತಾರೆ, ಮುಖ ನೋಡುವುದಿಲ್ಲ. ಹಲಗೆ ಬಂದ ಬೆನ್ನಿಗೇ ಹೊಸ ಕಾನೂನು: ಮೂರು ದಿನ ಬಿಲ್ಲೆ ಕಾಣದಿದ್ದರೆ ಹೆಸರು ಹೊಡೆದುಹಾಕುವುದು.

ಎರಡನೆಯ ಸಂಜೆಯೇ ಮೇಸ್ತ್ರಿ ನನ್ನನ್ನು ಕರೆದು, ಎರಡು ದಿನ ಬಂದಿಲ್ಲವಂತೆ, ನಾಳೆಗೆ ಮೂರು ಎಂದರು.

“ನಿಮ್ಮ ಕಣ್ಣೆದುರೇ ಹೊತ್ತಿದ್ದೇನಲ್ಲ?”

“ನಾನು ನೋಡಿದ್ದೇನೆ ಮಾರಾಯ್ತಿ. ಹಲಗೆ ನಿನ್ನನ್ನು ನೋಡ್ಲಿಲ್ಲ.”

ಮನೆಗೆ ಹೋಗುವ ದಾರಿಯಲ್ಲಿ ಜೊತೆಗಾತಿ, ನನಗಿಂತ ಹಿರಿಯಳು, ತನ್ನ ಬಿಲ್ಲೆ ತೆಗೆದಳು. ಎರಡನ್ನೂ ತೂತಿಗೆ ಕಡ್ಡಿ ತೂರಿಸಿ ನೇತುಹಾಕಿ ನೋಡಿದೆವು. ಎರಡೂ ಒಂದೇ ಥರ. ನಮ್ಮಿಬ್ಬರಿಗೂ ಓದು ಇಲ್ಲ. ಒಂದು ಅಂಕೆಗೆ ಇಬ್ಬರು ಹೆಂಗಸರು ಎಂದರೆ ಒಬ್ಬಳನ್ನು ಕಳಿಸುತ್ತಾರೆ ಎಂದಷ್ಟೇ ತಿಳಿಯಿತು. ಅವಳಿಗೆ ಮೂರು ಮಕ್ಕಳು. ನನ್ನನ್ನು ಕಂಡರೆ ಅವಳಿಗೂ, ಅವಳನ್ನು ಕಂಡರೆ ನನಗೂ ಹೆದರಿಕೆ.

ಮರುದಿನ ಬೆಳಿಗ್ಗೆ ಸೈರನ್ನಿಗೆ ಮೊದಲೇ ಹೋಗಿ ಬಿಲ್ಲೆ ಸಿಕ್ಕಿಸಿದೆ, ಅದರ ಪಕ್ಕ ಅಲುಗಾಡದೆ ನಿಂತೆ. ಮೇಸ್ತ್ರಿ ಬೈದರೂ ಕದಲಲಿಲ್ಲ. ರೈಟರು ಬಂದರು.

“ಇದು ನನ್ನದು. ಇದು ನಾನು. ಬರೆಯಿರಿ.”

ಅವರು “ಒಂಬತ್ತು ನೀನಲ್ಲವಲ್ಲ” ಎಂದು ಬಿಲ್ಲೆ ತೆಗೆದು ಕೈಯಲ್ಲಿ ತಿರುಗಿಸಿದರು. ನಕ್ಕರು.

“ಇದು ಆರು. ಕಮ್ಮಾರ ತೂತನ್ನು ಅಂಕೆಯ ಕಾಲ ಬದಿಗೆ ಕೊರೆದಿದ್ದಾನೆ, ತಲೆಕೆಳಗೆ ನೇತಾಡ್ತಾ ಉಂಟು.”

ಎರಡು ದಿನವೂ ಎರಡೆರಡು ಒಂಬತ್ತು ಕಂಡು, ತಮ್ಮ ಕಣ್ಣೇ ತಪ್ಪಿರಬೇಕು ಎಂದುಕೊಂಡರಂತೆ. ಪುಸ್ತಕ ತಿದ್ದಿದರು. ಆಮೇಲೆ ಯಾಕೋ ತಲೆಯೆತ್ತಿ ಎಲ್ಲರ ಹೆಸರನ್ನೂ ಒಮ್ಮೆ ಕೂಗಿದರು.

ನನಗೆ ನಗು ಬರಲಿಲ್ಲ. ‘ಉಲ್ಲೆ’ ಎಂದು ಹೇಳಿ, ಹೆಂಚು ಸುಡುವ ಗೂಡಿನ ಬಳಿಯಿಂದ ಮೊಳೆ, ಕಲ್ಲು ತಂದು, ಬಿಲ್ಲೆಯ ಇನ್ನೊಂದು ಬದಿಗೆ ನಾನೇ ತೂತು ಹೊಡೆದು ಸಿಕ್ಕಿಸಿದೆ.