ಕಿರೀಟದ ಕೆಳಗಿನ ಎರಡು ಅಕ್ಷರ

ಚಿಂಚೋಳಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಗುಲಾಮ ದಸ್ತಗೀರನಿಗೆ ಬಂದೂಕುಗಳ ಮೇಲೆ ಎಂದೂ ಸಿಟ್ಟು ಬರುತ್ತಿರಲಿಲ್ಲ. ಅವನ್ನು ಹೊತ್ತು ತರುವವರ ಮೇಲೆ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಅವನ ಮುಂದೆ ಬಂದ ಪ್ರತಿಯೊಂದು ತುಕ್ಕು ನಳಿಗೆಯೂ ಯಾವನೋ ನವಾಬನ ಇನಾಮೇ ಆಗಿತ್ತು.

೧೯೭೨ರ ದಸರೆ ಮುಗಿದ ವಾರ ಚಿಮ್ಮನಚೋಡದ ರಾಚಪ್ಪಗೌಡ ತನ್ನ ಜೋಡುನಳಿಗೆ ಬಂದೂಕನ್ನು ಶಾಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಬಂದ.

"ಹದಿನೆಂಟುನೂರಾ ಐವತ್ತೇಳರ ಗದರದಾಗ ನಮ್ಮ ಮುತ್ಯಾಗ ನಿಜಾಮರು ಕೊಟ್ಟಿದ್ದು ಇದು. ಕಿರೀಟದ ಕೆಳಗ ಎನ್, ಪಿ ಅಂತ ಅದ, ನೋಡು. ನಿಜಾಮ ಪಾಶಾ!"

ಗುರುತಿನ ಮೇಲೆ ವರ್ಷವರ್ಷದ ಆಯುಧಪೂಜೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು. ದಸ್ತಗೀರ ಅದನ್ನು ಚಿಮಣಿ ಎಣ್ಣೆಯಲ್ಲಿ ಒರೆಸಿ ಕನ್ನಡಕ ಏರಿಸಿದ.

"ಗೌಡ್ರ, ವಿಲಾಯತಿಯೊಳಗ ಬಂದೂಕ ಮಾರೋಕಿಂತ ಮೊದಲ ಮದ್ದು ತುಂಬಿ ಹಾರಿಸಿ ನೋಡ್ತಾರ. ನಳಿಗಿ ತಡೀತಂದ್ರ ಠಸ್ಸೆ ಹೊಡೀತಾರ. ಎನ್, ಪಿ ಅಂದ್ರ ನೈಟ್ರೋ ಪ್ರೂಫ್, ಹೊಗಿ ಬರಲಾರದ ಮದ್ದಿಗೂ ತಡೀತದ ಅಂತ. ಕಿರೀಟದ ಜೋಡಿ ಈ ಠಸ್ಸೆ ಬಂದಿದ್ದು ಸಾವಿರದ ಒಂಬೈನೂರಾ ನಾಕರಾಗ. ಗದರದಾಗ ಆ ಮದ್ದೇ ಹುಟ್ಟಿದ್ದಿಲ್ಲ. ಇದು ನಮ್ಮ ಅಬ್ಬಾನ ವಾರಗೀದು. ನೀವು ಇಷ್ಟು ವರ್ಷ ಕುಂಕುಮ ಹಚ್ಚಿದ್ದು ಮದ್ದಿನ ಪರೀಕ್ಷಾದ ಠಸ್ಸೆಗೆ!"

ಗೌಡನ ಮೀಸೆ ಇಳಿಯಿತು. ಆಚೀಚೆ ನೋಡಿ, ಜೀವಮಾನದಲ್ಲಿ ಮೊದಲ ಸಲ ದಸ್ತಗೀರನಿಗೆ ಬಹುವಚನ ಕೊಟ್ಟ: "ಆ ಎರಡು ಅಕ್ಷರ ತಿಕ್ಕಿ ತಗದುಬಿಡ್ರಿ, ಉಸ್ತಾದ್."

"ಗುರುತು ತಿಕ್ಕಿದರ ನನ್ನ ಲೈಸೆನ್ಸ್ ಹೋಗ್ತದರಿ," ಎನ್ನುತ್ತ ದಸ್ತಗೀರ ಬಂದೂಕನ್ನು ಮತ್ತೆ ಶಾಲಿನಲ್ಲಿ ಮಲಗಿಸಿದ. "ನಿಮ್ಮ ಮುತ್ಯಾನ ಕಥಿ ತಿಕ್ಕಿ ತಗೀರಿ. ಅದಕ್ಕ ಯಾವ ಲೈಸೆನ್ಸೂ ಬೇಕಾಗಿಲ್ಲ."